ಬೆಳಗಿನ ಏಳಕ್ಕೆ ಪಂಪಭಾರತ

ಗುರುವಾರ ಬೆಳಗ್ಗೆ ಏಳಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಮೇಷ್ಟ್ರು ಬಂದು ಕೂತಿರುತ್ತಾರೆ. ಮೊದಲು ಕಾಣುವುದು ಅವರ ಹಣೆ, ಆಮೇಲೆ ಹಿಂದಿನ ಗೋಡೆಯ ಕ್ಯಾಲೆಂಡರು. ಲ್ಯಾಪ್‌ಟಾಪಿನ ಮುಚ್ಚಳ ಎಷ್ಟು ಓರೆಯಿರಬೇಕು ಎನ್ನುವುದು ಎರಡು ವರ್ಷವಾದರೂ ಬಗೆಹರಿದಿಲ್ಲ. "ಕೇಳಿಸ್ತಿದೆಯೇನ್ರಪ್ಪಾ?" ಎನ್ನುತ್ತಾರೆ. "ಕೇಳಿಸ್ತಿದೆ ಸಾರ್, ನೀವು ಕಾಣಿಸ್ತಿಲ್ಲ" ಎಂದು ದಾವಣಗೆರೆಯಿಂದ ಉತ್ತರ ಬರುತ್ತದೆ. ಅಷ್ಟರಲ್ಲಿ ಯಾರದೋ ಮನೆಯ ಕುಕ್ಕರು ಕೂಗುತ್ತದೆ. "ಯಾರಮ್ಮಾ ಅದು, ಮ್ಯೂಟ್ ಮಾಡ್ಕೊಳಿ" ಎಂದು ಮೂರ್ನಾಲ್ಕು ಜನ ಒಟ್ಟಿಗೆ ಹೇಳಿ ಗದ್ದಲವನ್ನು ಇನ್ನಷ್ಟು ಹೆಚ್ಚಿಸುತ್ತಾರೆ.

ಆ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ. ಅಲ್ಲಿಂದ ಸೇರಿಕೊಳ್ಳುವ ಅಮ್ಮನಿಗೆ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಎಂಟೂವರೆ. ಅಲ್ಲಿನವರು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರಲ್ಲ, ಅದರಿಂದಾಗಿ ಒಂದು ಮಾರ್ಚಿನಲ್ಲಿ ಅವರು ಒಂದು ಗಂಟೆ ಮೊದಲೇ ಬಂದು ಖಾಲಿ ಪರದೆ ನೋಡುತ್ತ ಕೂತಿದ್ದರು. ನವೆಂಬರಿನಲ್ಲಿ ಬರುವಷ್ಟರಲ್ಲಿ ಪಾಠವೇ ಮುಗಿದಿತ್ತು. ಕುವೈತಿನ ನರ್ಸಮ್ಮನಿಗೆ ಆಗ ಬೆಳಗಿನ ಜಾವ ನಾಲ್ಕೂವರೆ. ರಾತ್ರಿ ಪಾಳಿಯಿದ್ದರೆ ಬರುವುದಿಲ್ಲ, ರಜೆಯಿದ್ದರೆ ತಪ್ಪಿಸುವುದಿಲ್ಲ.

ಒಂದು ದಿನ ಮೇಷ್ಟ್ರು "ಆರು, ಏಳು, ಈ ಎರಡು ಅಂಕಿಯನ್ನ ಅಕ್ಷರದಲ್ಲಿ ಬರೀರಿ ನೋಡೋಣ" ಎಂದರು. ಎಲ್ಲರೂ ಚಾಟ್‌ನಲ್ಲಿ ಬರೆದೆವು. ಇದೇನು ಒಂದನೇ ಕ್ಲಾಸಿನ ಲೆಕ್ಕ ಎಂದು ಒಳಗೊಳಗೇ ನಗು. "ಎರಡೂ ತಪ್ಪು" ಎಂದರು ಮೇಷ್ಟ್ರು. "ಪಂಪನ ಕೈಲಿ ಬರೆಸಿದ್ರೆ ಆಱು ಅಂತಿದ್ದ, ಏೞು ಅಂತಿದ್ದ." ಕನ್ನಡ ಬಿಟ್ಟುಕೊಟ್ಟ ಎರಡು ಅಕ್ಷರ, ಱ ಮತ್ತು ೞ, ಪಕ್ಕಪಕ್ಕದ ಎರಡು ಅಂಕಿಗಳಲ್ಲೇ ಕೂತಿದ್ದವು. ಮಳೆ ಮೞೆಯಾಗಿತ್ತು, ಬಾಳು ಬಾೞ್ ಆಗಿತ್ತು. ಬೆಂಗಳೂರಿನಿಂದ ಸೇರುವ ಸಾಫ್ಟ್‌ವೇರ್ ಹುಡುಗ (ಹುಡುಗನೆಂದರೆ ನಲವತ್ತೆರಡು ವರ್ಷ) ಇದಕ್ಕೊಂದು ಬಾಲ ಸೇರಿಸಿದ. ಜಗತ್ತಿನ ಲಿಪಿಗಳನ್ನೆಲ್ಲ ಕಂಪ್ಯೂಟರಿಗೆ ಒಗ್ಗಿಸುವ ಯುನಿಕೋಡ್ ಪಟ್ಟಿಯಲ್ಲಿ ನಮ್ಮ ೞ ಇದೆಯಂತೆ, ಆದರೆ ಅದಕ್ಕಿಟ್ಟಿರುವ ಹೆಸರು 'ಫ'! ಯಾರೋ ಮಾಡಿದ ತಪ್ಪು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯುನಿಕೋಡಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಬರೆದಿಟ್ಟಿದ್ದಾರೆ. ಮೇಷ್ಟ್ರಿಗೆ ಈ ಸುದ್ದಿ ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. "ಹಾಗಾದ್ರೆ ಸತ್ತಿಲ್ಲ ಅನ್ನು, ಹೆಸರು ಬದಲಾಯಿಸ್ಕೊಂಡು ಎಲ್ಲೋ ಇದೆ" ಎಂದರು.

ನಾವು ಓದುತ್ತಿರುವುದು ಕ್ರಿ.ಶ. 941ರ ಸುಮಾರಿಗೆ ಪಂಪ ಬರೆದ 'ವಿಕ್ರಮಾರ್ಜುನ ವಿಜಯ', ಅಂದರೆ ಪಂಪಭಾರತ. ಹದಿನಾಲ್ಕು ಆಶ್ವಾಸ. ಕೈಯಲ್ಲಿ ಡಿ.ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ'. ಇದಕ್ಕೆ ಪರೀಕ್ಷೆಯಿಲ್ಲ, ಅಂಕವಿಲ್ಲ, ಸರ್ಟಿಫಿಕೇಟು ಇಲ್ಲ. ಶುಲ್ಕವೂ ಇಲ್ಲ. ಶುರುವಾದಾಗ ಇಪ್ಪತ್ತಾರು ಜನರಿದ್ದೆವು, ಈಗ ಹನ್ನೊಂದು. ಎರಡು ವರ್ಷದಲ್ಲಿ ಆರು ಆಶ್ವಾಸ ಮುಗಿದಿದೆ.

ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಆಶ್ಚರ್ಯಕ್ಕೆ ಹೇಳುತ್ತಿದ್ದೇನೆ. ಏಕೆಂದರೆ ಆನ್‌ಲೈನಿನಲ್ಲಿ ನಾನು ಅರ್ಧಕ್ಕೇ ಕೈಬಿಟ್ಟ ಕೋರ್ಸುಗಳ ಪಟ್ಟಿ ಮಾಡಿದರೆ ಅದೇ ಒಂದು ಲೇಖನವಾದೀತು. ಯೂರೋಪಿನ ಚಿತ್ರಕಲೆಯ ಇತಿಹಾಸ: ಮೂರನೆಯ ವಾರಕ್ಕೆ ಬಿಟ್ಟೆ. ಗ್ರೀಕ್ ತತ್ವಶಾಸ್ತ್ರ: ಸಾಕ್ರೆಟೀಸನಿಗೆ ವಿಷ ಕೊಡುವವರೆಗೂ ಇರಲಿಲ್ಲ. ಒಂದು ಕಂಪನಿಗೆ ವರ್ಷದ ಚಂದಾ ಕಟ್ಟಿ, ಒಟ್ಟು ನಾಲ್ಕು ಗಂಟೆ ನೋಡಿದೆ. ಮರುವರ್ಷ ಅವರು ಕೇಳದೆಯೇ ಕಾರ್ಡಿನಿಂದ ಮತ್ತೆ ದುಡ್ಡು ಎಳೆದುಕೊಂಡರು. ಅವುಗಳಲ್ಲಿ ಪಾಠ ಹೇಳಿದವರು ದೊಡ್ಡ ವಿದ್ವಾಂಸರು, ಚಿತ್ರಗಳು ಕಣ್ಣಿಗೆ ಕಟ್ಟುವಂತಿದ್ದವು, ಧ್ವನಿ ಸ್ವಚ್ಛ. ನಮ್ಮ ಮೇಷ್ಟ್ರ ಹಣೆ ಮಾತ್ರ ಕಾಣುವ, ಕುಕ್ಕರು ಕೂಗುವ ಕ್ಲಾಸಿನಲ್ಲಿ ಎರಡು ವರ್ಷ ಉಳಿದವನು ಅಲ್ಲಿ ಮೂರು ವಾರವೂ ಉಳಿಯಲಿಲ್ಲವೇಕೆ?

ಆಕಾಶದಿಂದ ಬಂದ ಪಾಠ

ದೂರದಿಂದ ಓದುವವರನ್ನು ಉಳಿಸಿಕೊಳ್ಳುವುದು ಯಾವುದು ಎಂಬ ಈ ಪ್ರಶ್ನೆ ಇಂಟರ್‌ನೆಟ್ಟಿಗಿಂತ ಹಳೆಯದು. 1962ರಲ್ಲಿ ಬ್ರಿಟನ್ನಿನ ಮೈಕೆಲ್ ಯಂಗ್ ಎಂಬ ಸಮಾಜಶಾಸ್ತ್ರಜ್ಞ, ಕಾಲೇಜಿನ ಮೆಟ್ಟಿಲು ಹತ್ತಲಾಗದ ದೊಡ್ಡವರಿಗೂ ಒಂದು ಮುಕ್ತ ವಿಶ್ವವಿದ್ಯಾಲಯ ಬೇಕು ಎಂದು ಬರೆದ. ಮರುವರ್ಷ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಗ್ಲಾಸ್ಗೋದಲ್ಲಿ ಮಾಡಿದ ಭಾಷಣದಲ್ಲಿ ಅದೇ ಆಸೆಗೆ ಇನ್ನೊಂದು ಹೆಸರಿಟ್ಟ: ಆಕಾಶದ ವಿಶ್ವವಿದ್ಯಾಲಯ. ರೇಡಿಯೊ, ಟೀವಿ, ಅಂಚೆ ಮೂರನ್ನೂ ಸೇರಿಸಿ ಪಾಠ ಮಾಡುವುದು. ವಿಲ್ಸನ್ ಪ್ರಧಾನಿಯಾದ ಮೇಲೆ ಇದನ್ನು ಹಟ ಹಿಡಿದು ಕಟ್ಟಿ ನಿಲ್ಲಿಸಿದವಳು ಗಣಿ ಕಾರ್ಮಿಕನ ಮಗಳಾಗಿ ಹುಟ್ಟಿ ಮಂತ್ರಿಯಾದ ಜೆನ್ನಿ ಲೀ. ಬಡವರಿಗೆಂದು ಎರಡನೆಯ ದರ್ಜೆಯ ಓದು ಬೇಡ, ಪದವಿ ಎಂದರೆ ಉಳಿದ ವಿಶ್ವವಿದ್ಯಾಲಯಗಳ ಪದವಿಯಷ್ಟೇ ತೂಕದ್ದಾಗಬೇಕು ಎನ್ನುವುದು ಅವಳ ನಿಲುವು. 1969ರಲ್ಲಿ ಓಪನ್ ಯೂನಿವರ್ಸಿಟಿಗೆ ರಾಜಸನ್ನದು ಸಿಕ್ಕಿತು. 1971ರ ಜನವರಿಯಲ್ಲಿ ಸುಮಾರು ಇಪ್ಪತ್ನಾಲ್ಕು ಸಾವಿರ ವಿದ್ಯಾರ್ಥಿಗಳೊಂದಿಗೆ ಪಾಠ ಶುರು. ಸೇರಲು ಹಿಂದಿನ ಯಾವ ಪರೀಕ್ಷೆಯೂ ಪಾಸಾಗಿರಬೇಕಿಲ್ಲ.

ಶುರುವಾದ ತಿಂಗಳಲ್ಲೇ ಬ್ರಿಟನ್ನಿನ ಅಂಚೆಯವರು ಮುಷ್ಕರ ಹೂಡಿದರು. ಅಂಚೆಯನ್ನೇ ನಂಬಿದ್ದ ವಿಶ್ವವಿದ್ಯಾಲಯಕ್ಕೆ ಸುಮಾರು ಏಳು ವಾರ ಅಂಚೆಯೇ ಇಲ್ಲ! ಪೊಟ್ಟಣಗಳನ್ನು ಬೇರೆ ದಾರಿಯಲ್ಲಿ ಸಾಗಿಸಿ ಅಂತೂ ಪಾರಾದರು.

ಜನ ನೆನಪಿಟ್ಟುಕೊಂಡಿರುವುದು ಅದರ ಟೀವಿ ಪಾಠಗಳನ್ನು. ಬಿಬಿಸಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ, ಕೋಳಿ ಕೂಗುವಾಗ ಇಲ್ಲವೇ ಊರು ಮಲಗಿದ ಮೇಲೆ, ಗಡ್ಡದ ಮೇಷ್ಟರೊಬ್ಬರು ಅಗಲ ಟೈ ಕಟ್ಟಿಕೊಂಡು ಬೋರ್ಡಿನ ಮುಂದೆ ನಿಂತಿರುತ್ತಿದ್ದರು. ಅದನ್ನು ಗೇಲಿ ಮಾಡದ ಹಾಸ್ಯಗಾರ ಬ್ರಿಟನ್ನಿನಲ್ಲಿರಲಿಲ್ಲ. ಆದರೆ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸಿದ್ದು ಟೀವಿಯಲ್ಲ ಎಂದು ನನಗನ್ನಿಸುತ್ತದೆ. ಪ್ರತಿಯೊಬ್ಬರಿಗೂ ಒಬ್ಬ ಟ್ಯೂಟರ್ ಇದ್ದ. ಬರೆದು ಕಳಿಸಿದ ಪ್ರಬಂಧದ ಅಂಚಿನಲ್ಲಿ ಅವನ ಕೈಬರಹದ ಟಿಪ್ಪಣಿ ಇರುತ್ತಿತ್ತು. ಬೇಸಿಗೆಯಲ್ಲಿ ಒಂದು ವಾರ ಯಾವುದೋ ಕಾಲೇಜಿನ ಹಾಸ್ಟೆಲಿನಲ್ಲಿ ಎಲ್ಲರೂ ಸೇರುವ ಬೇಸಿಗೆ ಶಾಲೆ. ಲಾರಿ ಓಡಿಸುವವನೂ ಮಕ್ಕಳೊಂದಿಗಳೂ ಜೈಲಿನ ವಾರ್ಡರನೂ ರಾತ್ರಿಯೆಲ್ಲ ಕೂತು ಶೇಕ್ಸ್‌ಪಿಯರನ ಬಗ್ಗೆ ಜಗಳವಾಡಬಹುದಾಗಿದ್ದ ವಾರ ಅದು. ವಿಜ್ಞಾನದವರ ಮನೆಗೆ ಪುಟ್ಟ ಪ್ಲಾಸ್ಟಿಕ್ ಸೂಕ್ಷ್ಮದರ್ಶಕ ಸಹಿತ ಒಂದು ಪೆಟ್ಟಿಗೆಯೇ ಬರುತ್ತಿತ್ತು. ಪಾಠ ಆಕಾಶದಿಂದ ಬಂದರೂ, ಉತ್ತರಕ್ಕಾಗಿ ಕಾದಿರುವ ಮನುಷ್ಯ ನೆಲದ ಮೇಲಿದ್ದ.

2006ರ ಡಿಸೆಂಬರಿನಲ್ಲಿ ಬಿಬಿಸಿಯ ಆ ರಾತ್ರಿ ಪಾಠ ಕೊನೆಯ ಸಲ ಪ್ರಸಾರವಾಯಿತು. ಅದಕ್ಕೆ ಎರಡು ತಿಂಗಳ ಮುಂಚೆ ಅದೇ ವಿಶ್ವವಿದ್ಯಾಲಯ 'ಓಪನ್‌ಲರ್ನ್' ತೆರೆದು ತನ್ನ ಪಾಠಗಳನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಹಾಕಲು ಶುರುಮಾಡಿತ್ತು. ಇತಿಹಾಸ, ಕಲೆ, ಪ್ರಕೃತಿ, ತತ್ವಶಾಸ್ತ್ರ ಎಲ್ಲವೂ ಅಲ್ಲಿವೆ. ಯಾರು ಬೇಕಾದರೂ ಇಂದು ರಾತ್ರಿಯೇ ತೆರೆದು ನೋಡಬಹುದು.

ಆಕಾಶದ ಮಾತು ಬಂತಲ್ಲ, ಮೈಸೂರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವಿಲ್ಸನ್ ಆ ಭಾಷಣ ಮಾಡುವುದಕ್ಕೆ ಇಪ್ಪತ್ತೆಂಟು ವರ್ಷ ಮೊದಲು, 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಮೂವತ್ತು ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಶುರುಮಾಡಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು. ಮುಂದೆ ಅದು ಇಡೀ ದೇಶದ ರೇಡಿಯೊದ ಹೆಸರಾದದ್ದು ಎಲ್ಲರಿಗೂ ಗೊತ್ತು. ಅದೇ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯದ ಮೇಷ್ಟರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಕೇಳುವವರು ಓದು ಬಿಟ್ಟ ರೈತರು, ಅಂಗಡಿಯವರು, ಶಾನುಭೋಗರು. ಉಪನ್ಯಾಸವೆಲ್ಲ ಸಣ್ಣ ಸಣ್ಣ ಪುಸ್ತಕವಾಗಿ ಕೆಲವೇ ಆಣೆಗೆ ಸಿಗುತ್ತಿತ್ತು. ಹಳೆಯ ಪುಸ್ತಕದಂಗಡಿಗಳಲ್ಲಿ ಆ ಮಾಲೆಯ ಬಿಡಿ ಪ್ರತಿಗಳು ಇವತ್ತಿಗೂ ಕಣ್ಣಿಗೆ ಬೀಳುತ್ತವೆ. ಓಪನ್ ಯೂನಿವರ್ಸಿಟಿಗೆ ಸನ್ನದು ಸಿಕ್ಕ 1969ರಲ್ಲೇ ಮೈಸೂರು ವಿಶ್ವವಿದ್ಯಾಲಯವೂ ಅಂಚೆ ತೆರಪಿನ ಶಿಕ್ಷಣ ತೆರೆಯಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಆದರೆ ಅಷ್ಟರಲ್ಲಿ ಮುಕ್ತ ಎಂದರೆ ನಮ್ಮಲ್ಲಿ ಪದವಿ, ಬಡ್ತಿ, ಬಿ.ಎಡ್. ಎಂದೇ ಅರ್ಥವಾಗಿತ್ತು. ಸುಮ್ಮನೆ ತಿಳಿದುಕೊಳ್ಳುವ ಆಸೆಗೆ ಬರುವವರಿಗಾಗಿ ಅರ್ಜಿ ಫಾರಮ್ಮನ್ನು ಯಾರೂ ಮುದ್ರಿಸಲಿಲ್ಲ.

ಆ ಫಾರಮ್ಮಿನ ಗೊಡವೆಯೇ ಬೇಡ ಎಂದವರು ಫ್ರಾನ್ಸಿನವರು. 1973ರಲ್ಲಿ ತುಲೂಸಿನ ಪ್ರಾಧ್ಯಾಪಕ ಪಿಯೆರ್ ವೆಲ್ಲಾ, ನಿವೃತ್ತರಿಗಾಗಿ 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ' ತೆರೆದ. ಮೊದಲ ವಯಸ್ಸು ಬೆಳೆಯುವುದಕ್ಕೆ, ಎರಡನೆಯದು ದುಡಿಯುವುದಕ್ಕೆ, ಮೂರನೆಯದು ತನಗೆ ಬೇಕಾದ್ದಕ್ಕೆ. ಫ್ರಾನ್ಸಿನದು ವಿಶ್ವವಿದ್ಯಾಲಯದ ನೆರಳಿನಲ್ಲೇ ಬೆಳೆಯಿತು. ಬ್ರಿಟನ್ನಿನಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಅದನ್ನು ಎತ್ತಿಕೊಂಡವರು ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್, ಎರಿಕ್ ಮಿಡ್‌ವಿಂಟರ್ ಮತ್ತು, ಮೇಲೆ ಹೇಳಿದ ಅದೇ ಮೈಕೆಲ್ ಯಂಗ್. ಅವರು ಮೇಷ್ಟರನ್ನೇ ತೆಗೆದುಹಾಕಿದರು! ಗೊತ್ತಿದ್ದವರು ಹೇಳುವುದು, ಉಳಿದವರು ಕೇಳುವುದು, ಮುಂದಿನ ವಾರ ಕೇಳಿದವರೇ ಹೇಳುವುದು. ಪರೀಕ್ಷೆಯಿಲ್ಲ, ಸಂಬಳವಿಲ್ಲ. ಅಲ್ಲಿ ಇವತ್ತು ಸಾವಿರಕ್ಕೂ ಹೆಚ್ಚು ಊರುಗಳ ಗುಂಪುಗಳಿವೆ, ಸದಸ್ಯರು ನಾಲ್ಕು ಲಕ್ಷದ ಆಸುಪಾಸು. ಕೋವಿಡ್ ಬಂದಾಗ ಈ ಅಜ್ಜ ಅಜ್ಜಿಯರು ಜೂಮ್ ಕಲಿತರು. ಕಾಲು ನೋವಿನಿಂದ ಮನೆ ಬಿಟ್ಟು ಬರಲಾಗದವರಿಗೆ ಅದರಿಂದ ಬಾಗಿಲು ತೆರೆಯಿತು. ಆದ್ದರಿಂದ ಕೋವಿಡ್ ಹೋದ ಮೇಲೂ ಎಷ್ಟೋ ಗುಂಪುಗಳು ಅದನ್ನು ಬಿಡಲಿಲ್ಲ.

ನೂರಕ್ಕೆ ಮೂರು

2011ರ ಕೊನೆಗೆ ಸ್ಟ್ಯಾನ್‌ಫರ್ಡಿನ ಒಂದು ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಜಗತ್ತಿನಾದ್ಯಂತ ಒಂದು ಲಕ್ಷದ ಅರವತ್ತು ಸಾವಿರ ಜನ ಹೆಸರು ಬರೆಸಿದರು. ಮರುವರ್ಷವೇ ಕೋರ್ಸೆರಾ, ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸಿನ ತಾಣಗಳು ಹುಟ್ಟಿದವು. ಹಾರ್ವರ್ಡಿನ ಮೇಷ್ಟರ ಪಾಠ ಹಾವೇರಿಯ ಹುಡುಗಿಗೂ ಸಿಗುತ್ತದೆ ಎಂದು ಪತ್ರಿಕೆಗಳೆಲ್ಲ ಬರೆದವು. ನಾನೂ ಬರೆದಿದ್ದೆ. ಸಿಕ್ಕಿತು, ಸುಳ್ಳಲ್ಲ. ಆದರೆ 2019ರಲ್ಲಿ ಜಸ್ಟಿನ್ ರೈಕ್ ಮತ್ತು ಹೊಸೆ ರುಯಿಪೆರೆಸ್ ವ್ಯಾಲಿಯೆಂಟೆ ಎಂಬಿಬ್ಬರು ಹಾರ್ವರ್ಡ್ ಮತ್ತು ಎಂಐಟಿಯ ಕೋರ್ಸುಗಳ ಆರು ವರ್ಷದ ಲೆಕ್ಕವನ್ನು 'ಸೈನ್ಸ್' ಪತ್ರಿಕೆಯಲ್ಲಿ ಬಿಚ್ಚಿಟ್ಟರು. 2017–18ರಲ್ಲಿ ಸೇರಿದವರಲ್ಲಿ ಕೊನೆ ಮುಟ್ಟಿದವರು ನೂರಕ್ಕೆ 3.13. ಹೆಸರು ಬರೆಸಿ ಒಂದು ಸಲವೂ ಒಳಗೆ ಕಾಲಿಡದವರೇ ಅರ್ಧಕ್ಕಿಂತ ಹೆಚ್ಚು.

ಈ ಅಂಕಿಯನ್ನು ಹಿಡಿದು ಬೈಯುವವರ ಜೊತೆ ನಾನು ಪೂರ್ತಿ ಸೇರುವುದಿಲ್ಲ. ದೊಡ್ಡವರ ಓದಿನಲ್ಲಿ ಅರ್ಧಕ್ಕೆ ಬಿಡುವುದು ಅಪರಾಧವಲ್ಲ. ಅಜಂತಾ ಗುಹೆಯ ಬಣ್ಣವನ್ನು ಯಾವುದರಿಂದ ಮಾಡಿದರು ಎಂದು ತಿಳಿಯಲು ಬಂದವರು, ಅದು ತಿಳಿದ ಮೇಲೆ ಎದ್ದು ಹೋದರೆ ಯಾರಿಗೇನು ನಷ್ಟ? ಲೈಬ್ರರಿಯಲ್ಲಿ ತಿರುವಿ ಹಾಕಿ ಇಟ್ಟ ಪುಸ್ತಕಕ್ಕೆ ಯಾರೂ ಲೆಕ್ಕವಿಡುವುದಿಲ್ಲ. ಆದರೆ ಮುಗಿಸಬೇಕೆಂದು ಬಂದು, ಮುಗಿಸಲಾಗದೆ, ತನಗೇ ಯೋಗ್ಯತೆಯಿಲ್ಲ ಎಂದುಕೊಂಡು ಹೋದವರೂ ಆ ತೊಂಬತ್ತೇಳರಲ್ಲಿ ಇದ್ದೇ ಇರುತ್ತಾರೆ. ಬೇಸರ ಅವರ ಬಗ್ಗೆ.

ಅದೇ 2012ರಲ್ಲಿ ಶುರುವಾಗಿ ಇಂದಿಗೂ ಗಟ್ಟಿಯಾಗಿ ನಿಂತಿರುವ ಒಂದು ಕೋರ್ಸು ನನಗೆ ಬಹಳ ಇಷ್ಟ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಅಲ್ ಫಿಲ್‌ರೈಸ್ ನಡೆಸುವ ಆಧುನಿಕ ಅಮೆರಿಕನ್ ಕಾವ್ಯದ ಕೋರ್ಸು, ಎಲ್ಲರೂ 'ಮಾಡ್‌ಪೋ' ಎನ್ನುತ್ತಾರೆ. ಮೊದಲ ವರ್ಷ ಮೂವತ್ತಾರು ಸಾವಿರ ಜನ ಸೇರಿದ್ದರು. ವಿಷಯವಾದರೂ ಏನು, ಎಮಿಲಿ ಡಿಕಿನ್‌ಸನ್, ವಿಟ್‌ಮನ್‌ರಿಂದ ಹಿಡಿದು ತಲೆಬುಡ ತಿಳಿಯದ ಪ್ರಯೋಗದ ಕವಿತೆಗಳವರೆಗೆ. ಕಷ್ಟದ ಸರಕು. ಫಿಲ್‌ರೈಸ್ ಮಾಡಿದ್ದಿಷ್ಟೇ: ಕ್ಯಾಮೆರಾ ಮುಂದೆ ನಿಂತು ಭಾಷಣ ಮಾಡಲಿಲ್ಲ. ಕೆಲ್ಲಿ ರೈಟರ್ಸ್ ಹೌಸ್ ಎಂಬ ಹಳೆಯ ಮನೆಯಲ್ಲಿ ಒಂದು ಮೇಜಿನ ಸುತ್ತ ಏಳೆಂಟು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು, ಒಂದು ಕವಿತೆಯನ್ನು ಪದ ಪದ ಬಿಡಿಸುತ್ತ ಹರಟಿದ. ಆ ಹರಟೆಯೇ ಪಾಠ. ಅವರಲ್ಲೊಬ್ಬಳು ಪೆದ್ದುಪೆದ್ದಾಗಿ ಒಂದು ಅರ್ಥ ಹೇಳುತ್ತಾಳೆ, ಇನ್ನೊಬ್ಬ ತಲೆಯಾಡಿಸುತ್ತಾನೆ, ನೋಡುತ್ತಿರುವ ನಾವು ಇಲ್ಲಿಂದಲೇ "ಅಲ್ಲ ಕಣೇ" ಎನ್ನುತ್ತೇವೆ. ಜೊತೆಗೆ ವಾರಕ್ಕೊಂದು ನೇರ ಪ್ರಸಾರ, ಅದಕ್ಕೆ ಯಾರು ಬೇಕಾದರೂ ಫೋನು ಮಾಡಬಹುದು, ಆ ಮನೆಗೇ ನಡೆದುಕೊಂಡೂ ಹೋಗಬಹುದು. ಪ್ರತಿ ಸೆಪ್ಟೆಂಬರಿನಲ್ಲಿ ಶುರುವಾಗಿ ಹತ್ತು ವಾರ. ಪುಕ್ಕಟೆ. ಒಮ್ಮೆ ಮುಗಿಸಿದವರು ಮರುವರ್ಷ ಮತ್ತೆ ಬರುತ್ತಾರೆ, ಹಬ್ಬಕ್ಕೆ ಬಂದಂತೆ.

ನಾನು ಅದನ್ನು ನೋಡಿದ ದಿನ ನೆನಪಾದದ್ದು ನಮ್ಮೂರ ದೇವಸ್ಥಾನದ ಜಗಲಿ. ಒಬ್ಬರು ಕುಮಾರವ್ಯಾಸನ ಪದ್ಯವನ್ನು ರಾಗವಾಗಿ ಓದುವರು, ಪಕ್ಕದಲ್ಲಿ ಇನ್ನೊಬ್ಬರು ಅರ್ಥ ಹೇಳುವರು. ಗಮಕ ಎಂದರೆ ಇಬ್ಬರ ಕೆಲಸ. ಎದುರಿಗೆ ಕೂತವರೂ ಸುಮ್ಮನಿರುತ್ತಿರಲಿಲ್ಲ. "ಸ್ವಾಮೀ, ಕರ್ಣನಿಗೆ ಅದು ಮೊದಲೇ ಗೊತ್ತಿತ್ತಾ?" ಎಂದು ಕಂಬಕ್ಕೊರಗಿದ ಯಾರೋ ಕೇಳಿದರೆ ಪುಸ್ತಕ ಮಡಚಿಟ್ಟು ಅರ್ಧ ಗಂಟೆ ಅದರದೇ ವಿಚಾರಣೆ. ಓದಲು ಬಾರದ ನನ್ನಜ್ಜಿ ಕರ್ಣಪರ್ವವನ್ನು ಬಲ್ಲದ್ದು ಹಾಗೆ. ಯಾವ ದಿನ ಯಾವ ಸಂಧಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಬಾರದವರನ್ನು ಮರುದಿನ ಬಾವಿಕಟ್ಟೆಯಲ್ಲಿ ಕೇಳುತ್ತಿದ್ದರು, ಯಾಕೆ ನಿನ್ನೆ ಬರಲಿಲ್ಲ ಎಂದು.

ನಮ್ಮ ಗುರುವಾರದ ಕ್ಲಾಸಿನಲ್ಲಿ ನನ್ನನ್ನು ಉಳಿಸಿಕೊಂಡದ್ದೂ ಆ ಪ್ರಶ್ನೆಯೇ ಇರಬೇಕು. ಒಂದು ವಾರ ತಪ್ಪಿಸಿದ್ದಕ್ಕೆ ನಮ್ಮ ಜೊತೆ ಓದುವ ದಾವಣಗೆರೆಯ ಬ್ಯಾಂಕಿನವರೊಬ್ಬರು ಫೋನು ಮಾಡಿ, "ಏನ್ ಸರ್, ಹುಷಾರಿಲ್ವಾ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ನಾನು ನಿದ್ದೆ ಮಾಡುತ್ತಿದ್ದೆ. ಹುಷಾರಿರಲಿಲ್ಲ ಎಂದು ಸುಳ್ಳು ಹೇಳಿ, ಅವತ್ತು ಸಂಜೆಯೇ ಬಿಟ್ಟುಹೋದ ಪದ್ಯಗಳನ್ನು ದೀಪಿಕೆ ನೋಡಿ ಬಿಡಿಸಿಕೊಂಡೆ.

ಪರದೆಯಿಂದ ಹೊರಗೆ

ಹಕ್ಕಿಗಳ ಕೋರ್ಸಿನ ಕಥೆ ಬೇರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 1972ರಷ್ಟು ಹಿಂದೆಯೇ, ಅಂಚೆಯ ಮೂಲಕ, ಮನೆಯಲ್ಲೇ ಕೂತು ಪಕ್ಷಿಜೀವಶಾಸ್ತ್ರ ಕಲಿಯುವ ಪಾಠ ತೆರೆದಿತ್ತು. ಈಗ ಅದು ಆನ್‌ಲೈನಿಗೆ ಬಂದಿದೆ. ನಮ್ಮವರದ್ದೇ ಬೇಕೆಂದರೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಎನ್‌ಪಿಟಿಇಎಲ್‌ನಲ್ಲಿ ನಡೆಸಿದ ಪಕ್ಷಿಶಾಸ್ತ್ರದ ಪ್ರಾಥಮಿಕ ಕೋರ್ಸಿದೆ. ಎಂಜಿನಿಯರಿಂಗಿನವರ ಜಾಲತಾಣ ಎಂದುಕೊಂಡು ನಾನು ಬಹಳ ದಿನ ಆ ಕಡೆ ತಲೆ ಹಾಕಿರಲಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕಟ್ಟಿದ ಅದರಲ್ಲಿ ಸಾಹಿತ್ಯ, ಸೌಂದರ್ಯಶಾಸ್ತ್ರ, ತತ್ವಶಾಸ್ತ್ರದ ಪಾಠಗಳೂ ಇವೆ. ಪಾಠ ಪುಕ್ಕಟೆ, ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು.

ಹಕ್ಕಿಯ ಪಾಠದ ಹೆಚ್ಚುಗಾರಿಕೆಯೆಂದರೆ ಅದನ್ನು ಪರದೆಯ ಮುಂದೆ ಮುಗಿಸಲಾಗುವುದಿಲ್ಲ. ಕಿವಿಗೆ ಪಾಠವಾದ ಮೇಲೆ ಹಾಲು ತರಲು ಹೋಗುವ ಅದೇ ರಸ್ತೆ ಬೇರೆಯಾಯಿತು. ಇಷ್ಟು ವರ್ಷ ಯಾವುದೋ ಗ್ಯಾರೇಜಿನ ಸುತ್ತಿಗೆ ಸದ್ದು ಎಂದುಕೊಂಡಿದ್ದು ಹಕ್ಕಿ! ಅರಳಿಮರದಲ್ಲಿ ಕೂತು ಒಂದೇ ಸಮನೆ ಟುಕ್ ಟುಕ್ ಎನ್ನುವ, ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ, ಎದೆಗೆ ಕೆಂಪು ಮೆತ್ತಿಕೊಂಡ ಕುಟ್ರುಹಕ್ಕಿ. ಮಡಿವಾಳ ಹಕ್ಕಿ ಬೇಸಿಗೆಯಲ್ಲಿ ಯಾಕೆ ಅಷ್ಟು ಹಾಡುತ್ತದೆ, ಗೊರವಂಕ ಯಾಕೆ ಇನ್ನೊಬ್ಬರ ದನಿ ಕದಿಯುತ್ತದೆ, ಇವೆಲ್ಲ ಆಮೇಲೆ. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಗೆ ಹದಿನೈದು ನಿಮಿಷ ಕೊಟ್ಟರೆ ಸಾಕು, ಕಂಡದ್ದನ್ನು 'ಈಬರ್ಡ್' ಜಾಲತಾಣದಲ್ಲಿ ದಾಖಲಿಸಬಹುದು. 'ಸೀಸನ್‌ವಾಚ್'ನವರು ಕೇಳುವುದು ಇನ್ನೂ ಕಡಿಮೆ: ಮನೆಯ ಹತ್ತಿರದ ಒಂದು ಹೊಂಗೆಯನ್ನೋ ಹಲಸನ್ನೋ ಹುಣಸೆಯನ್ನೋ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ನೋಡಿ ಬರೆಯುವುದು. ನನ್ನ ಹೊಂಗೆಯನ್ನು ಹೋದ ವರ್ಷ ರಸ್ತೆ ಅಗಲಿಸುವವರು ಕಡಿದರು. ಈಗ ಎರಡನೆಯ ಹೊಂಗೆ.

ಇತಿಹಾಸಕ್ಕೂ ಈ ಗುಣ ತರಬಹುದು. ಬೆಂಗಳೂರಿನ ಬಿ.ಎಂ.ಶ್ರೀ ಪ್ರತಿಷ್ಠಾನ ಶಾಸನ, ಹಸ್ತಪ್ರತಿ ಓದುವ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿನಲ್ಲಿ ಇಡುತ್ತಿದ್ದಾರೆ. ಸವೆದ ಅಕ್ಷರದ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ಓದಬಹುದು. ಬಿ.ಎಲ್. ರೈಸ್ 1886ರಿಂದ ತಂದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳೂ ಮೊಬೈಲಿನಲ್ಲೇ ತೆರೆಯುತ್ತವೆ. ಇವನ್ನೆಲ್ಲ ಮನೆಯಲ್ಲಿ ನೋಡಿಕೊಂಡು ಒಂದು ಭಾನುವಾರ ನಾವು ನಾಲ್ಕು ಜನ ಬೇಗೂರಿಗೆ ಹೋದೆವು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರಿದೆ, ಅಲ್ಲಿ ನಡೆದ ಒಂದು ಕಾಳಗದ ಸುದ್ದಿಯಿದೆ. ಬೆಂದ ಕಾಳಿನಿಂದ ಊರಿಗೆ ಹೆಸರು ಬಂತೆಂಬ ಕಥೆಯಲ್ಲಿ ಬರುವ ಹೊಯ್ಸಳ ರಾಜ ಹುಟ್ಟುವುದಕ್ಕೂ ಮೊದಲಿನ ಮಾತು. ಮೊಬೈಲಿನಲ್ಲಿ ಬಾಯಿಪಾಠವಾಗಿದ್ದ ಅಕ್ಷರಗಳು ಕಲ್ಲಿನ ಮೇಲೆ ಸಿಗಲೊಲ್ಲವು. ನಮ್ಮ ಸಾಫ್ಟ್‌ವೇರ್ ಹುಡುಗ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದ ಮೇಲೆ ಒಂದೊಂದಾಗಿ ಎದ್ದು ಬಂದವು.

ತತ್ವಶಾಸ್ತ್ರದ ಬಗ್ಗೆ ನನ್ನ ಮಾತು ಕೆಲವರಿಗೆ ಕಹಿಯಾದೀತು. ಕನ್ನಡದ ಯೂಟ್ಯೂಬಿನಲ್ಲಿ ಅದಕ್ಕೆ ಬರವೇನಿಲ್ಲ. ಆದರೆ ಇರುವುದೆಲ್ಲ ಪ್ರವಚನ. ಪ್ರವಚನದಲ್ಲಿ ಕೇಳುಗರಿಗಿರುವ ಕೆಲಸ ತಲೆದೂಗುವುದು. ಮೈಸೂರಿನ ಎಂ. ಹಿರಿಯಣ್ಣನವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' (1932) ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ ಪಾಠದಿಂದ ಹುಟ್ಟಿದ ಪುಸ್ತಕ, ಒಂದೊಂದು ದರ್ಶನವನ್ನೂ ಅದರ ಎದುರಾಳಿಯ ಆಕ್ಷೇಪದೊಂದಿಗೇ ನಿಲ್ಲಿಸುತ್ತದೆ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ ಡಿ.ವಿ.ಜಿ., ಗೀತೆಯ ಮೇಲೆ ಕೊಟ್ಟ ಉಪನ್ಯಾಸಗಳೇ ಮುಂದೆ 'ಜೀವನಧರ್ಮಯೋಗ'ವಾದವು. ಅದೂ ಊರಿನ ದೊಡ್ಡವರಿಗಾಗಿ ನಡೆದ ತರಗತಿಯೇ. ಇಂಗ್ಲಿಷಿನಲ್ಲಿ ಪೀಟರ್ ಆಡಮ್‌ಸನ್ 2010ರಿಂದ ವಾರ ವಾರ ತತ್ವಶಾಸ್ತ್ರದ ಇತಿಹಾಸವನ್ನು ಒಂದು ಕೊಂಡಿಯೂ ಬಿಡದೆ ಪಾಡ್‌ಕಾಸ್ಟ್ ಮಾಡುತ್ತಿದ್ದಾರೆ, ಭಾರತೀಯ ದರ್ಶನಗಳಿಗೆ ಜೊನಾರ್ಡನ್ ಗನೇರಿಯವರನ್ನು ಜೊತೆಗೆ ಕೂರಿಸಿಕೊಂಡರು. ಬೌದ್ಧನೂ ನೈಯಾಯಿಕನೂ ಯಾವ ವಿಷಯಕ್ಕೆ ಜಗಳವಾಡಿದರು ಎಂಬುದು ನನಗೆ ನೆಟ್ಟಗೆ ತಿಳಿದದ್ದು, ನಾಚಿಕೆಯಿಂದ ಹೇಳುತ್ತೇನೆ, ಮ್ಯೂನಿಕ್ಕಿನಲ್ಲಿ ಪಾಠ ಹೇಳುವ ಆ ಪ್ರಾಧ್ಯಾಪಕನಿಂದ.

ಕನ್ನಡದಲ್ಲಿ ವಿಡಿಯೊಗಳಿಗೆ ಕೊರತೆಯಿಲ್ಲ, ತರಗತಿಗಳಿಗೆ ಇದೆ. ವಿಡಿಯೊ ನಾವು ನೋಡದಿದ್ದರೂ ಅಲ್ಲೇ ಬಿದ್ದಿರುತ್ತದೆ, ಅದಕ್ಕೇ ನೋಡುವುದಿಲ್ಲ. ತರಗತಿಗೆ ಬೇಕಾಗುವುದು ದೊಡ್ಡ ಸ್ಟುಡಿಯೊ ಅಲ್ಲ. ನಮ್ಮ ವಿಶ್ವವಿದ್ಯಾಲಯಗಳಿಂದ ಪ್ರತಿವರ್ಷ ಇತಿಹಾಸದ, ಹಳಗನ್ನಡದ, ಸಸ್ಯಶಾಸ್ತ್ರದ ಮೇಷ್ಟರುಗಳ ಒಂದು ದಂಡೇ ನಿವೃತ್ತವಾಗುತ್ತದೆ. ಮೂವತ್ತು ವರ್ಷ ಅಂಕಕ್ಕಾಗಿ ಬಂದ ಹುಡುಗರಿಗೆ ಹೇಳಿದ ಪಾಠವನ್ನು, ಅಂಕ ಬೇಡದವರಿಗೆ ಒಮ್ಮೆ ಹೇಳಿ ನೋಡಲಿ ಎಂದು ಅವರನ್ನು ಕೈಮುಗಿದು ಕೇಳುತ್ತೇನೆ. ವಾರಕ್ಕೊಂದು ಗಂಟೆ. ದಿನ, ಹೊತ್ತು ಬದಲಾಗಬಾರದು. ರೆಕಾರ್ಡಿಂಗ್ ಕಳಿಸಲೇಬಾರದು ಎಂಬುದು ನಮ್ಮ ಮೇಷ್ಟ್ರ ಕಟ್ಟಪ್ಪಣೆ. ಮೊದಲು ನಮಗೆ ಸಿಟ್ಟು ಬಂದಿತ್ತು, ಈಗ ಯಾರೂ ಕೇಳುವುದಿಲ್ಲ. ಇಪ್ಪತ್ತು ಜನ ಬಂದರೆ ಹತ್ತು ಜನ ಉಳಿಯುತ್ತಾರೆ.

ಓದುಗರು ಇದರಲ್ಲಿ ಯಾವುದಕ್ಕಾದರೂ ಸೇರುವುದಾದರೆ ಒಬ್ಬರೇ ಸೇರಬೇಡಿ. ಕೂಡ ಓದಿದ ಹಳೆಯ ಗೆಳತಿಯನ್ನೋ ಭಾವಮೈದುನನನ್ನೋ ಎಳೆದುಕೊಂಡು ಹೋಗಿ, ತಪ್ಪಿಸಿದಾಗ ಫೋನು ಮಾಡಿ ಕೇಳುವವರು ಒಬ್ಬರಿರಲಿ.

ನಿನ್ನೆ ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಮೇಷ್ಟ್ರ ಸಂದೇಶ ಬಂತು. ಮೊಮ್ಮಗಳ ಕೈಲಿ ಆ ಅಕ್ಷರ ಹುಡುಕಿಸಿ ಟೈಪು ಮಾಡಿಸಿದ್ದಾರೆ: "ಏೞನೆಯ ಆಶ್ವಾಸ, ಗುರುವಾರ, ಬೆಳಗ್ಗೆ ಏೞಕ್ಕೆ. ಕುಕ್ಕರು ಇಳಿಸಿ ಬನ್ನಿ."